ನೂರಾ ಹದಿನೇಳನೆಯ ಪುಟ

ಮೈದಾ ಕುದಿಸಿ ಚಿಟಿಕೆ ಮೈಲುತುತ್ತ ಬೆರೆಸಿ
ಅಂಟು ಮಾಡುತ್ತೇನೆ. ಆ ವಿಷಕ್ಕೆ ಹುಳ ಹತ್ತುವುದಿಲ್ಲ,
ಪುಸ್ತಕ ಹತ್ತು ವರ್ಷ ಹೆಚ್ಚು ಬಾಳುತ್ತದೆ.
ಮನುಷ್ಯರಿಗೆ ಇಂಥ ಅಂಟು ಇನ್ನೂ ಬಂದಿಲ್ಲ.

ತಿಂಗಳಿಗೊಂದು ಗೋಣಿಚೀಲ
ದುರ್ಗದ ಲೈಬ್ರರಿಯಿಂದ ಚೇಳುಗುಡ್ಡದ ನನ್ನ ಮನೆಗೆ,
ಸೈಕಲ್ ಕ್ಯಾರಿಯರ್ ಮೇಲೆ.
ಕಾದಂಬರಿಗಳು ಬೆನ್ನು ಮುರಿದುಕೊಂಡು ಬರುತ್ತವೆ,
ಪರೀಕ್ಷೆಯ ಗೈಡುಗಳು ಕಿವಿ ಮಡಚಿಕೊಂಡು.
ಆರೋಗ್ಯದ ಪುಸ್ತಕ ಹಾಗಲ್ಲ,
ಒಂದೊಂದೇ ಕಡೆ ಸವೆಯುತ್ತದೆ.
ನೋವಿದ್ದಲ್ಲಿ ಮಾತ್ರ ಕೈಯಿಟ್ಟು ಹೋಗಿರುತ್ತಾರೆ ಜನ.

ಓದದೆಯೂ ಸಿಗುತ್ತದೆ ನನಗೆ ಊರಿನ ನಾಡಿ.
ಸಕ್ಕರೆ ಕಾಯಿಲೆಯ ಪಥ್ಯದ ಹಾಳೆ
ಹಳೇ ಹತ್ತರ ನೋಟಿನಷ್ಟು ಮೆತ್ತಗೆ.
'ದಿನಕ್ಕೊಂದು ಸೇಬು ತಿನ್ನಿ' ಎಂಬಲ್ಲಿ ಪೆನ್ಸಿಲ್ಲಿನಲ್ಲಿ ಯಾರೋ
'ರೇಟು ಕೇಳಿದೀರಾ ಡಾಕ್ಟ್ರೇ?'
ಅದರ ಕೆಳಗೆ ಇನ್ನೊಬ್ಬರು, ಹಸಿರು ಇಂಕು:
'ಸೀಬೆ ಸಾಕು. ನಮ್ಮ ತಾಯಿಗೆ ಗುಣ ಕಂಡೈತೆ.'
ಬೋರ್ ನೀರು, ಹಲ್ಲಿನ ಕಂದು ಕಲೆ, ಮಂಡಿ ನೋವು,
ಆ ಅಧ್ಯಾಯಕ್ಕೆ ವರ್ಷವರ್ಷವೂ ಹೊಸ ದಾರ.
ಬಾಣಂತಿ ಊಟದ ಪುಟದಲ್ಲಿ ಎಣ್ಣೆಯ ಹೆಬ್ಬೆರಳು,
ಒಣಗಿದ ಒಂದು ಸಬ್ಬಸಿಗೆ ಎಸಳು.
ಗಂಡ ಹೆಂಡಿರ ಹೊಂದಾಣಿಕೆಯ ಅಧ್ಯಾಯ ಮಾತ್ರ
ಪ್ರೆಸ್ಸಿನಿಂದ ಬಂದ ಹಾಗೇ ಇದೆ.
ಅದರ ಎರಡು ಹಾಳೆಗಳ ಅಂಚನ್ನು ಯಾರೂ ಬಿಡಿಸಿಯೇ ಇಲ್ಲ.

ಕೆಂಪು ರಟ್ಟಿನ ದಪ್ಪ ಪುಸ್ತಕ ಬಂದದ್ದು ಯುಗಾದಿಗೆ ವಾರವಿರುವಾಗ.
ನಾಲ್ಕು ದಿನ ಮೂಲೆಯಲ್ಲಿತ್ತು. ಐದನೆಯ ದಿನ ಬಿಚ್ಚಿ ಫಾರಂ ಎಣಿಸಿದರೆ
ನೂರಾ ಹದಿನಾರು, ಆಮೇಲೆ ನೂರಾ ಹತ್ತೊಂಬತ್ತು.
ಬ್ಲೇಡಲ್ಲ. ಒದ್ದೆ ದಾರ ಇಟ್ಟು, ಅಂಚು ನೆನೆಸಿ
ನಿಧಾನಕ್ಕೆ ಎಳೆದದ್ದು. ಕಸುಬು ಬಲ್ಲ ಕಳ್ಳ ಅಂದುಕೊಂಡೆ.
'ಅವನ ಕೈ ಸೇದಿಹೋಗ' ಎಂದು ಜೋರಾಗಿಯೇ ಬೈದೆ.
ಬೋರಮ್ಮ ಒಲೆ ಮುಂದೆ ಮುದ್ದೆ ತಿರುವುತ್ತಿದ್ದಳು. ಏನೂ ಅನ್ನಲಿಲ್ಲ.
ಇಪ್ಪತ್ತಾರು ವರ್ಷದಲ್ಲಿ ಅವತ್ತೇ ಮೊದಲು
ಅವಳ ಮುದ್ದೆಯಲ್ಲಿ ಗಂಟು.
ಅದಕ್ಕೂ ಬೈದೆ.

ಹಬ್ಬದ ಬೆಳಿಗ್ಗೆ ಬೇವಿಗೆ ಬೆಲ್ಲ ಹುಡುಕುತ್ತಾ
ಸಾಸಿವೆ ಡಬ್ಬಿಗೆ ಕೈ ಹಾಕಿದೆ. ತಳದಲ್ಲಿ
ನಾಲ್ಕು ಮಡಿಕೆಯ ಕಾಗದ.
'ಕನ್ನಡಿಯ ಮುಂದೆ ನಿಂತು ಎರಡೂ ಕೈ ಮೇಲೆತ್ತಿ.
ಎದೆಯಲ್ಲಿ ಗಂಟೇನಾದರೂ...'
ನಮ್ಮ ಮನೆಯ ಕನ್ನಡಿ ಅಂಗೈಯಗಲ.
ಮೊಳೆಗೆ ನೇತುಹಾಕಿದ್ದು, ನನ್ನ ಗಡ್ಡದ ಎತ್ತರಕ್ಕೆ.

'ಯಾರನ್ನ ಕೇಳ್ಲಿ?' ಅಂದಳು. 'ಪುಸ್ತಕ ಆದ್ರೆ
ತಿರುಗಿಸಿ ಏನೂ ಕೇಳಲ್ಲ.'
ಒದ್ದೆ ದಾರದ ಉಪಾಯ ನಾನೇ ಕಲಿಸಿದ್ದು,
ಮದುವೆಯಾದ ಹೊಸತರಲ್ಲಿ.

ಜಿಲ್ಲಾಸ್ಪತ್ರೆಯ ಸಾಲು, ಸ್ಕ್ಯಾನು, ಸೂಜಿ.
ರಿಪೋರ್ಟಿಗೆ ಒಂಬತ್ತು ದಿನ.
ಆ ಒಂಬತ್ತು ದಿನದಲ್ಲಿ ಹನ್ನೊಂದು ಪುಸ್ತಕ ಹೊಲಿದೆ,
ಒಂದಕ್ಕೆ ರಟ್ಟು ತಲೆಕೆಳಗಾಗಿ ಕೂತಿತು, ಬಿಚ್ಚಲಿಲ್ಲ.
'ಬರೀ ಗಂಟು, ಹೆದರಬೇಡಿ.
ಆರು ತಿಂಗಳಿಗೊಮ್ಮೆ ಬಂದು ತೋರಿಸಿ' ಅಂದರು ಡಾಕ್ಟರಮ್ಮ.
ಬೋರಮ್ಮ ಬಸ್‌ಸ್ಟ್ಯಾಂಡಿನಲ್ಲಿ ಎರಡು ಕಡ್ಲೆಕಾಯಿ ಪೊಟ್ಟಣ ಕೊಂಡಳು,
ಎರಡನ್ನೂ ತಾನೇ ತಿಂದಳು.

ಹಾಳೆಯನ್ನು ಅದರ ಜಾಗಕ್ಕೆ ಅಂಟಿಸುವ ಮೊದಲು
ಹತ್ತು ಜೆರಾಕ್ಸ್ ಮಾಡಿಸಿದೆ. ಹಿಂದಿನ ರಟ್ಟಿಗೆ
ಖಾಕಿ ಕಾಗದದ ಜೇಬು ಹಾಕಿ ತುಂಬಿದೆ.
ಮೇಲೆ ಬರೆದೆ: 'ಹರಿಯಬೇಡಿ. ಇದನ್ನು ಒಯ್ಯಿರಿ.'
ಹದಿನೈದು ದಿನಕ್ಕೆ ಶಾಹಿದಾ ಮೇಡಂ ಫೋನು:
'ಗಾದ್ರಪ್ಪ, ಜೇಬು ಖಾಲಿ.'

ಹೊಂದಾಣಿಕೆಯ ಆ ಎರಡು ಹಾಳೆಯನ್ನೂ ಬಿಡಿಸಿ ಓದಿದೆ.
ಅಂಥದ್ದೇನೂ ಇರಲಿಲ್ಲ.
ಸಂತೆಪೇಟೆಗೆ ಹೋಗಿ ಎದೆಯೆತ್ತರದ ಕನ್ನಡಿ ಕೊಂಡೆ.
ಗೋಣಿಚೀಲದ ಜಾಗದಲ್ಲಿ ಅದನ್ನು ಬಿಗಿದು ಕಟ್ಟಿ
ಸೈಕಲ್ ತಳ್ಳಿಕೊಂಡು ನಡೆದೆ.
ಕೋಟೆಯ ಬಂಡೆಗಳು ಅದರೊಳಗೆ ಕೂತು
ಕುಲುಕಿಕೊಂಡು ಕುಲುಕಿಕೊಂಡು ಮನೆತನಕ ಬಂದವು.